ಗುರುಮಲ್ಲಪ್ಪನವರು ಚಿಟ್ಟೆಗೆ ಕೊಟ್ಟ ಗಡುವು

ನಂಜನಗೂಡಿನಿಂದ ಕಳಲೆಯ ಕಡೆಗೆ ಬಸ್ಸಿನಲ್ಲಿ ಹೋಗುವಾಗ, ಹಿಪ್ಪುನೇರಳೆ ತೋಟದ ನಡುವೆ ಉದ್ದನೆಯ ಶೀಟಿನ ಮನೆಯೊಂದು ಕಾಣುತ್ತದೆ. ಅದು ಗುರುಮಲ್ಲಪ್ಪನವರ ರೇಷ್ಮೆ ಹುಳದ ಮನೆ. ಅವರೂ ಅವರ ಹೆಂಡತಿ ಮಂಗಳಗೌರಮ್ಮನವರೂ ಇರುವ ಮನೆ ಅದರ ಬೆನ್ನಿಗಿದೆ. ಅಳತೆಯಲ್ಲಿ ಚಿಕ್ಕದು, ಅನುಕೂಲದಲ್ಲಿ ಇನ್ನೂ ಚಿಕ್ಕದು. ಹುಳಗಳಿಗೆ ಫ್ಯಾನಿದೆ, ಚಳಿಗೆ ಹೀಟರಿದೆ, ಕಿಟಕಿಗಳಿಗೆಲ್ಲ ಪರದೆಯಿದೆ. ಗುರುಮಲ್ಲಪ್ಪನವರಿಗೆ ಒಂದು ಟವೆಲ್ ಇದೆ, ಸೆಕೆಯಾದಾಗ ಬೀಸಿಕೊಳ್ಳುತ್ತಾರೆ.

“ಇನ್ನೊಂದು ಜನ್ಮ ಅಂತಿದ್ರೆ ನಮ್ಮನೆ ಹುಳವಾಗೇ ಹುಟ್ಬೇಕು ಮೇಷ್ಟ್ರೇ,” ಎಂದು ಮಂಗಳಗೌರಮ್ಮ ಒಮ್ಮೆ ನನಗೆ ಹೇಳಿದ್ದರು. “ಕೊನೇ ದಿನ ಒಂದು ಬಿಟ್ಟು.”

ಹುಳದ ಮನೆಗೆ ಯಾರೇ ಬಂದರೂ ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನ ತಟ್ಟೆಯಲ್ಲಿ ಕಾಲು ಅದ್ದಿಯೇ ಒಳಗೆ ಬರಬೇಕು. ಮುಖಕ್ಕೆ ಪೌಡರ್ ಹಾಕಿಕೊಂಡವರಿಗೆ, ಎಲೆಯಡಿಕೆ ಹಾಕಿದವರಿಗೆ ಪ್ರವೇಶವಿಲ್ಲ. ಇಲಾಖೆಯಿಂದ ತಪಾಸಣೆಗೆ ಬಂದ ಅಧಿಕಾರಿಯೊಬ್ಬರನ್ನು ಎರಡು ಸಲ ಕಾಲು ತೊಳೆಸಿ, ಆಮೇಲೂ ಯೋಚನೆ ಮಾಡಿ ಹೊರಗೇ ಕೂರಿಸಿ ಕಾಫಿ ಕೊಟ್ಟು ಕಳಿಸಿದ್ದರು. ವಾಸದ ಮನೆಯ ಜಗಲಿಯಲ್ಲಿ, ಬಂದವರ ಕಣ್ಣಿಗೆ ನೇರವಾಗಿ ಹೊಡೆಯುವ ಎತ್ತರದಲ್ಲಿ, ‘ತಾಲ್ಲೂಕಿನ ಉತ್ತಮ ರೇಷ್ಮೆ ಬೆಳೆಗಾರ’ ಎಂಬ ಫಲಕ ನೇತುಹಾಕಿದ್ದರು. ಅದನ್ನು ನೋಡದೆ ಒಳಗೆ ಹೋಗಬೇಕಾದರೆ ಹಿಂದುಮುಂದಾಗಿ ನಡೆಯಬೇಕು.

ಇಂಥ ಮನುಷ್ಯನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತನ್ನು ಯಾರೂ ಕೇಳಿರಲಿಲ್ಲ. ಹುಳದ ಪ್ರಶ್ನೆ ಹಾಗಿರಲಿ, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಚುನಾವಣೆಯಲ್ಲಿ ಯಾರು ಸೋಲುತ್ತಾರೆ, ಮಂಡಿನೋವಿಗೆ ಯಾವ ಸೊಪ್ಪು, ಎಲ್ಲಕ್ಕೂ ಅವರಲ್ಲಿ ಉತ್ತರವಿತ್ತು. “ಕೈಲಾಸಕ್ಕೆ ದಾರಿ ಕೇಳುದ್ರೂ ಗುರುಮಲ್ಲಣ್ಣ ಬಸ್ ನಂಬರ್ ಯೋಳ್ತದೆ,” ಎಂದು ರಸ್ತೆ ಬದಿಯ ಟೀ ಅಂಗಡಿಯ ಮುತ್ತಮ್ಮ ಆಡಿಕೊಳ್ಳುತ್ತಿದ್ದಳು. ಅವರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದರು.

ಆ ವರ್ಷದ ಸಂಕ್ರಾಂತಿಗೆ ಮೈಸೂರಿನಿಂದ ಮಗಳು ನಂದಿತಾ ಪುಟ್ಟ ಮಗುವನ್ನು ಕರೆದುಕೊಂಡು ಬಂದಿದ್ದಳು. ಹಬ್ಬದ ದಿನ ಮಗುವಿನ ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸುರಿದು ಆರತಿ ಮಾಡಬೇಕೆಂದು ಅವಳ ಆಸೆ. ಅವರ ಬಾಡಿಗೆ ಮನೆಯ ಓನರಮ್ಮನಿಂದ ಕಲಿತು ಬಂದ ಪದ್ಧತಿ ಅದು. ಎಲಚಿ ಹಣ್ಣು ತರುವ ಕೆಲಸ ತಾತನ ಪಾಲಿಗೆ ಬಂತು. ತೋಟದ ಅಂಚಿನಲ್ಲಿ, ಪಕ್ಕದ ಪುಟ್ಟಸ್ವಾಮಿಯ ಬದುವಿನ ಮೇಲೆ, ಅವನು ಕಡಿಸಬೇಕೆಂದಿದ್ದ ಒಂದು ಮುದಿ ಎಲಚಿ ಮರವಿತ್ತು. ಗುರುಮಲ್ಲಪ್ಪನವರು ಕನ್ನಡಕ ಮರೆತು ಹೋಗಿ, ಮುಳ್ಳಿಗೆ ಹೆದರಿ, ಸಿಕ್ಕಿದ್ದನ್ನೆಲ್ಲ ಕಿತ್ತು ಟವೆಲ್ಲಿಗೆ ತುಂಬಿಕೊಂಡು ಬಂದರು.

ಎಳ್ಳು ಬೆಲ್ಲಕ್ಕೆಂದು ಹೋಗಿದ್ದ ನಾನೂ ಅಲ್ಲಿದ್ದೆ. ಸೇರಿನಲ್ಲಿದ್ದುದನ್ನೆಲ್ಲ ಸುರಿದಾಗ ಒಂದು ಕಾಯಿ ಮಗುವಿನ ನೆತ್ತಿಗೆ ಟಕ್ಕೆಂದು ಬಡಿಯಿತು. ಮಗು ಊರೆಲ್ಲ ಕೇಳುವ ಹಾಗೆ ಅತ್ತಿತು.

“ಕಾಯಿ ಯಾವುದು ಹಣ್ಣು ಯಾವುದು ಗೊತ್ತಾಗಲ್ವೇನ್ರೀ?” ಎಂದರು ಮಂಗಳಗೌರಮ್ಮ.

ಗುರುಮಲ್ಲಪ್ಪನವರು ಬಗ್ಗಿ ಆ ಕಾಯಿಯನ್ನು ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಪರೀಕ್ಷೆ ಮಾಡುವ ಕ್ರಮ ಅದು: ಒಳಗಿನದು ಸತ್ತು ಒಣಗಿದ್ದರೆ ಗಲಗಲ ಎನ್ನುತ್ತದೆ, ಬದುಕಿದ್ದರೆ ಗುಟ್ಟಾಗಿ ದಪ್ಪಗೆ ಕುಟ್ಟುತ್ತದೆ. ಅಳುವ ಮಗು, ಆರತಿ ತಟ್ಟೆ ಹಿಡಿದ ಮಗಳು, ಎಲ್ಲರೂ ಅವರ ಕಿವಿಯನ್ನೇ ನೋಡುತ್ತ ನಿಂತರು.

“ಇದು ಕಾಯಲ್ಲ,” ಎಂದರು. “ಗೂಡು. ಒಳಗೆ ಜೀವ ಅದೆ.”

ಕೋಳಿಮೊಟ್ಟೆಗಿಂತ ಸ್ವಲ್ಪ ಚಿಕ್ಕದು. ಬೂದಿ ಬಣ್ಣ, ಕಲ್ಲಿನಂಥ ಗಟ್ಟಿ. ಹಣ್ಣಿಗಿರುವಂತೆ ಒಂದು ತೊಟ್ಟು. ಆ ತೊಟ್ಟಿನ ತುದಿ ಉಂಗುರದ ಹಾಗೆ ಕಡ್ಡಿಯನ್ನು ಸುತ್ತಿ ಹಿಡಿದಿತ್ತು. ನಾನು ಫೋನ್ ತೆಗೆದು ಅದರ ಫೋಟೊ ಹೊಡೆದು ಇದೇನೆಂದು ಕೇಳಿದೆ. ಫೋನು ಒಮ್ಮೆ ಬೇಲದ ಕಾಯಿ ಎಂದಿತು, ಇನ್ನೊಮ್ಮೆ ಗೆಣಸು ಎಂದಿತು, ಮೂರನೆಯ ಸಲ ಏನೂ ಹೇಳದೆ ಅಪ್‌ಡೇಟ್ ಕೇಳಿತು. ಗುರುಮಲ್ಲಪ್ಪನವರು ಮಾತ್ರ ತೊಟ್ಟಿನ ಮೇಲೆ ಬೆರಳಾಡಿಸುತ್ತ, “ಟಸಾರ್,” ಎಂದರು. “ಕಾಡು ರೇಷ್ಮೆ. ಮೈಸೂರಲ್ಲಿ ಟ್ರೈನಿಂಗಿಗೆ ಹೋದಾಗ ಪರದೆ ಮೇಲೆ ತೋರಿಸಿದ್ರು. ತೊಟ್ಟಿರೋ ಗೂಡು ಇದೊಂದೇ ಅಂತ ಹೇಳಿದ್ರು.”

“ಚಿಟ್ಟೆ ಹೇಗಿರುತ್ತೆ?” ಎಂದೆ.

“ಅದನ್ನ ತೋರ್ಸೋ ಹೊತ್ಗೆ ಊಟಕ್ಕೆ ಬಿಟ್ರು.”

ಅಂದು ಸಂಜೆ ಜಗಲಿಯಲ್ಲಿ ಕೂತಾಗ ಅವರು ಆ ಗೂಡನ್ನು ಅಂಗೈಯಲ್ಲಿ ಹೊರಳಿಸುತ್ತಲೇ ಇದ್ದರು. “ಮೇಷ್ಟ್ರೇ, ನಾನು ಸಾಕಿರೋ ಹುಳ ಎಷ್ಟು ಲಕ್ಷ ಅಂತ ಲೆಕ್ಕ ಇಟ್ಟಿಲ್ಲ. ಮೊಟ್ಟೆಯಿಂದ ತಗೊಂಡು, ನಾಲ್ಕು ಜ್ವರ ದಾಟಿಸಿ, ಹಣ್ಣಾದ ಮೇಲೆ ಚಂದ್ರಿಕೆ ತಟ್ಟೀಲಿ ಬಿಟ್ಟು ಗೂಡು ಕಟ್ಟಿಸ್ತೀನಿ. ಅಲ್ಲಿಗೆ ನನ್ನ ಕೆಲಸ ಮುಗೀತು. ಚಿಟ್ಟೆ ತೂತು ಮಾಡ್ಕೊಂಡು ಆಚೆ ಬಂದ್ರೆ ನೂಲೇ ಹಾಳು ನೋಡಿ, ಅದಕ್ಕೆ ಮುಂಚೆನೇ ಮಾರ್ಬೇಕು. ಮೂಲೆಲಿ ತಪ್ಪಿಸ್ಕೊಂಡಿದ್ದು ಒಂದೆರಡು ಚಿಟ್ಟೆ ಆಗಿದ್ದುಂಟು. ಬೆಳ್ಳಗೆ, ಹಾರಕ್ಕೂ ಬರಲ್ಲ ಅವಕ್ಕೆ. ಗುಡಿಸಿ ಹಾಕ್ತಿದ್ದೆ. ಹಾರೋ ರೇಷ್ಮೆ ಚಿಟ್ಟೆನ ಒಂದ್ಸಲನಾದ್ರೂ ನೋಡ್ಬೇಕು ಅನ್ನಿಸ್ತಾ ಅದೆ.”

ಜ್ವರ ಎಂದರೆ ಹುಳ ಮೇವು ಬಿಟ್ಟು, ಮಲಗಿ, ಹಳೆಯ ಚರ್ಮ ಕಳಚುವುದು. ಮನೆಯವರ ಜ್ವರಕ್ಕಿಂತ ಅವರಿಗೆ ಈ ಜ್ವರದ ಚಿಂತೆಯೇ ಹೆಚ್ಚು.

ಒಳಗಿನಿಂದ ಮಂಗಳಗೌರಮ್ಮ ಹೇಳಿದರು: “ಆಯುಷ್ಯವೆಲ್ಲ ಮದುವೆ ಮನೇಲಿ ಅಡಿಗೆ ಮಾಡಿ, ಒಂದು ದಿನನೂ ಧಾರೆ ನೋಡದ ಭಟ್ರ ಹಂಗೆ ನೀವು.” ಮದುವೆಗೆ ಮುಂಚೆ ಮಂಗಳಗೌರಮ್ಮ ತಿ. ನರಸೀಪುರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದವರು. ಬಿಸಿನೀರಿನ ಬಿಳಿ ಗುರುತು ಇವತ್ತಿಗೂ ಬೆರಳ ತುದಿಯಲ್ಲಿದೆ. ಸಾಕುವ ತುದಿ ಗಂಡನದು, ಬೇಯಿಸುವ ತುದಿ ಹೆಂಡತಿಯದು. ಚಿಟ್ಟೆ ಇಬ್ಬರಿಗೂ ಸಿಕ್ಕಿರಲಿಲ್ಲ.

ಮರುದಿನ ಕನ್ನಡಕ ಹಾಕಿಕೊಂಡು ಮರಕ್ಕೆ ಹೋದರೆ, ಎಲೆಗಳ ಮರೆಯಲ್ಲಿ ಇನ್ನೂ ಕೆಲವು ಗೂಡುಗಳು ನೇತಾಡುತ್ತಿದ್ದವು. ಅಷ್ಟರಲ್ಲಿ ಮರದ ಯಜಮಾನ ಪುಟ್ಟಸ್ವಾಮಿ ಬಂದ. ರಸಬಾಳೆ ಬೆಳೆಯುವ ಗಟ್ಟಿ ಆಳು. ಗುರುಮಲ್ಲಪ್ಪನವರಿಗಿಂತ ಸ್ವಲ್ಪ ಚಿಕ್ಕವನು.

“ಏನ್ ಗುರುಮಲ್ಲಣ್ಣ, ಬೆಳಿಗ್ಗೆನೇ ನನ್ನ ಮರಕ್ಕೆ ಜೋತ್ಕೊಂಡಿದ್ದೀಯ?”

“ಪುಟ್ಸಾಮಿ, ಈ ಮರ ಕಡೀಬ್ಯಾಡ.”

“ಯಾಕೆ, ಮುನಿಯಪ್ಪ ದೇವ್ರು ಬಂದು ಸೇರ್ಕೊಂಡವ್ನಾ?”

“ರೇಷ್ಮೆ ಬಂದದೆ ಕಣಯ್ಯ. ಕಾಡು ರೇಷ್ಮೆ.”

“ಎಲಚಿ ಮರದಲ್ಲಿ ರೇಷ್ಮೆನಾ? ನಾಳೆ ಜಾಲಿ ಮರದಲ್ಲಿ ಜರತಾರಿ ಸೀರೆ ಬುಡ್ತದೆ ಅಂತೀಯ.” ಪುಟ್ಟಸ್ವಾಮಿ ಕತ್ತು ತಿರುಗಿಸಿ ತೋರಿಸಿದ. “ನೋಡಿಲ್ಲಿ. ಗೊನೆ ಒತ್ತು ಒತ್ತು ನನ್ನ ಕತ್ತು ಒಳಕ್ಕೋಗದೆ. ಮರ ತಗುದ್ರೆ ಟ್ರ್ಯಾಕ್ಟರ್ ತೋಟದ ಬಾಯಿಗೇ ಬತ್ತದೆ. ಜೆಸಿಬಿಯವನಿಗೆ ಯೋಳಾಗದೆ.”

ಅವನ ಕಷ್ಟ ಸುಳ್ಳಲ್ಲ. ಮರವೂ ಅವನದೇ. ಇಲ್ಲಿ ಗುರುಮಲ್ಲಪ್ಪನವರು ವಿನಯವಾಗಿ ಕೇಳಿಕೊಂಡಿದ್ದರೆ ಈ ಕಥೆ ಚಿಕ್ಕದಾಗುತ್ತಿತ್ತು. ಅವರು ಪುಟ್ಟಸ್ವಾಮಿಯನ್ನು ಮುತ್ತಮ್ಮನ ಟೀ ಅಂಗಡಿಗೆ ಕರೆದುಕೊಂಡು ಹೋಗಿ, ನಾಲ್ಕು ಜನರೆದುರು ಎದ್ದು ನಿಂತು ಗಡುವು ಕೊಟ್ಟರು. “ಶಿವರಾತ್ರಿ ಒಳಗೆ ಇದರಿಂದ ಚಿಟ್ಟೆ ಆಚೆ ಬರ್ತದೆ. ಬರ್ಲಿಲ್ಲ ಅಂದ್ರೆ ಕೊಡಲಿ ನಾನೇ ಹೊತ್ಕೊಂಡು ಬಂದು ಪುಟ್ಸಾಮಿ ಕೈಗೆ ಕೊಡ್ತೀನಿ.”

“ಚಿಟ್ಟೆಗೆ ಕಾಗ್ದ ಆಕಿದ್ದೀಯ?” ಎಂದಳು ಮುತ್ತಮ್ಮ.

ಲೆಕ್ಕ ಅವರಿಗೆ ಪಕ್ಕಾ ಇತ್ತು. ಸಾಕಿದ ಹುಳದ ಗೂಡಿನಿಂದ ಚಿಟ್ಟೆ ಬರಲು ಎರಡು ವಾರವೂ ಬೇಡ. ಕಾಡಿನದು, ಶಿಸ್ತಿಲ್ಲದ್ದು, ಸ್ವಲ್ಪ ಸೋಮಾರಿ ಇರಬಹುದು ಎಂದು ಉದಾರವಾಗಿ ಶಿವರಾತ್ರಿಯವರೆಗೆ ವಾಯಿದೆ ಕೊಟ್ಟಿದ್ದರು. ಪುಟ್ಟಸ್ವಾಮಿ ಒಪ್ಪಿಕೊಂಡ. ಅವನಿಗೆ ಮರ ಕಡಿಯುವುದರ ಜೊತೆಗೆ ಇನ್ನೊಂದು ಸುಖವೂ ಕಾಣಿಸಿತ್ತು.

ವಾರ ಕಳೆಯಿತು, ಇನ್ನೊಂದು ಕಳೆಯಿತು. ಗೂಡು ಕಲ್ಲಿನಂತೆ ಕೂತಿತ್ತು. ಗುರುಮಲ್ಲಪ್ಪನವರು ದಿನಾ ಬೆಳಿಗ್ಗೆ ಅದನ್ನು ಕಿವಿಗೆ ಹಿಡಿಯುತ್ತಿದ್ದರು. ದಪ್ಪ ಸದ್ದು. ಮರದ ಮೇಲಿನವುಗಳನ್ನೂ ಕಡ್ಡಿ ಬಗ್ಗಿಸಿ ಕೇಳುತ್ತಿದ್ದರು. ಅದೇ ದಪ್ಪ ಸದ್ದು. ದಾರಿಯಲ್ಲಿ ಸಿಕ್ಕವರು “ಹೆರಿಗೆ ಆಯ್ತಾ ಗುರುಮಲ್ಲಣ್ಣ?” ಎಂದು ಕೇಳತೊಡಗಿದರು. ಅವರು ಟೀ ಅಂಗಡಿಯ ಮುಂದಿನ ದಾರಿ ಬಿಟ್ಟು ಕಾಲುವೆ ಏರಿಯ ಮೇಲೆ ಓಡಾಡಲು ಶುರುಮಾಡಿದರು.

ಶಿವರಾತ್ರಿ ಬಂತು, ಹೋಯಿತು. ಊರವರೆಲ್ಲ ಶಿವನಿಗೆ ಜಾಗರಣೆ ಮಾಡಿದರೆ ನಮ್ಮನೆಯವರು ಹುಳಕ್ಕೆ ಮಾಡಿದರು ಎಂದು ಮಂಗಳಗೌರಮ್ಮ ಆಮೇಲೆ ಹೇಳಿದರು.

ಮರುದಿನ ಬೆಳಿಗ್ಗೆ ಗುರುಮಲ್ಲಪ್ಪನವರು ಕೊಡಲಿ ಹೆಗಲ ಮೇಲಿಟ್ಟುಕೊಂಡು ಹೊರಟರು. ಹಬ್ಬದ ರಜೆಯಲ್ಲಿ ಅವರ ಮನೆಯಲ್ಲಿಯೇ ಇದ್ದ ನಾನು ಹಿಂದೆ ಹೋದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ತಮಾಷೆ ಮಾಡಲಿಲ್ಲ. ಪುಟ್ಟಸ್ವಾಮಿ ಮರದ ಕೆಳಗೆ ಕಾದಿದ್ದ.

ಗುರುಮಲ್ಲಪ್ಪನವರು ಕೊಡಲಿಯನ್ನು ಅವನ ಕಾಲ ಬಳಿ ಇಟ್ಟು ಬದುವಿನ ಮೇಲೆ ಕೂತರು. “ತಗೋ. ಕೊಟ್ಟ ಮಾತು.”

ಪುಟ್ಟಸ್ವಾಮಿ ಕೊಡಲಿ ಎತ್ತಿಕೊಂಡ.

“ಕಡಿಯೋಕೆ ಮುಂಚೆ ಒಂದು ಮಾತು,” ಎಂದರು ಇವರು. ಆಮೇಲೆ ಬಹಳ ಹೊತ್ತು ಆ ಮಾತು ಬರಲಿಲ್ಲ. ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. ಮಣ್ಣು ಕೆದಕಿದರು. “ಒಳಗಿರೋದು ಸತ್ತಿಲ್ಲ. ಸದ್ದು ಕೇಳಿದ್ದೀನಿ, ಅದರಲ್ಲಿ ನಾನು ಸೋಲಲ್ಲ. ಆದ್ರೆ ಯಾಕೆ ಬತ್ತಿಲ್ಲ, ಯಾವಾಗ ಬತ್ತದೆ...” ಮತ್ತೆ ಮಣ್ಣು ಕೆದಕಿದರು. “ನಂಗೊತ್ತಿಲ್ಲ ಪುಟ್ಸಾಮಿ. ಸಾಕಿದ್ದರ ಲೆಕ್ಕ ತಗೊಂಡೋಗಿ ಕಾಡಿಂದರ ಮೇಲೆ ಹಾಕಿದೆ. ಅದು ತಪ್ಪು. ಮಳೆಗಾಲದವರೆಗೆ ಬಿಡು ಅಂತ ಕೇಳಕ್ಕೆ ನಂಗೆ ಮುಖ ಇಲ್ಲ. ಆದ್ರೂ ಕೇಳ್ತಾ ಇದ್ದೀನಿ.”

ಕೊಡಲಿ ಪುಟ್ಟಸ್ವಾಮಿಯ ಕೈಯಲ್ಲೇ ಉಳಿಯಿತು. ಹುಟ್ಟಿದಾಗಿನಿಂದ ಪಕ್ಕದ ಹೊಲದವನಾಗಿದ್ದು ಈ ಮನುಷ್ಯನಿಂದ ನೀರು, ಗೊಬ್ಬರ, ಸಂಸಾರ, ರಾಜಕೀಯ ಎಲ್ಲದರ ಮೇಲೂ ತೀರ್ಪು ಕೇಳಿದ್ದವನು, ಈಗ ಕಿವಿ ಕೆಟ್ಟವನಂತೆ ನನ್ನನ್ನು ನೋಡಿದ.

“ಮೇಷ್ಟ್ರೇ, ನೀವೂ ಕೇಳಿಸ್ಕೊಂಡ್ರಾ?”

“ಕೇಳಿಸ್ತು.”

ಅವನು ಕೊಡಲಿಯನ್ನು ನೆಲಕ್ಕೂರಿದ. “ಗುರುಮಲ್ಲಣ್ಣ, ನಂಗೊಬ್ಬನಿಗೇ ಯೋಳುದ್ರೆ ಊರಲ್ಲಿ ಯಾರೂ ನಂಬಕಿಲ್ಲ. ಮುತ್ತಮ್ಮನ ಅಂಗಡೀಲಿ ಬಂದು ಯೋಳು. ರೋಯಿಣಿ ಮಳೆ ಗಂಟ ಮರದ ಸುದ್ದಿಗೆ ಬರಕಿಲ್ಲ.”

ಇದು ಕೊಡಲಿಗಿಂತ ಹರಿತವಾದ ಷರತ್ತು. ಒಳ್ಳೆಯ ಬೆಳೆಗಾರನೆಂಬ ಹೆಸರು ಕಳೆದುಕೊಳ್ಳುವುದಕ್ಕಿಂತ ಎಲ್ಲ ಬಲ್ಲವನೆಂಬ ಹೆಸರು ಕಳೆದುಕೊಳ್ಳುವುದು ನಮ್ಮಂಥವರಿಗೆ ಕಷ್ಟ. ಮೊದಲನೆಯದಕ್ಕೆ ದುಡಿಯಬೇಕು, ಎರಡನೆಯದು ಪುಕ್ಕಟೆ ಸಿಕ್ಕಿರುತ್ತದೆ. ಗುರುಮಲ್ಲಪ್ಪನವರು ಎದ್ದು ಪಂಚೆ ಕೊಡವಿಕೊಂಡು ಅಂಗಡಿಯ ಕಡೆ ನಡೆದರು.

ಅಂಗಡಿಯಲ್ಲಿ ಜನ ತುಂಬಿತ್ತು. ಅವರು ಗಡುವು ಕೊಟ್ಟ ದಿನ ನಿಂತ ಜಾಗದಲ್ಲಿಯೇ ನಿಂತು ಹೇಳಿದರು. “ಶಿವರಾತ್ರಿ ಒಳಗೆ ಬತ್ತದೆ ಅಂದಿದ್ದೆ. ಬರ್ಲಿಲ್ಲ. ಯಾವಾಗ ಬತ್ತದೆ ಅಂತ ನಂಗೊತ್ತಿಲ್ಲ.”

ಬೆಂಚಿನ ತುದಿಯಿಂದ ಮಾದು ಎಂಬವನು, “ಇನ್ನೊಂದ್ಸಲ ಯೋಳಣ್ಣ, ಬಸ್ ಸದ್ದಲ್ಲಿ ಕೇಳ್ನಿಲ್ಲ,” ಎಂದ. ಆ ಹೊತ್ತಿನಲ್ಲಿ ಯಾವ ಬಸ್ಸೂ ಬಂದಿರಲಿಲ್ಲ. ಗುರುಮಲ್ಲಪ್ಪನವರು ಇನ್ನೊಂದು ಸಲ ಹೇಳಿದರು, ಸ್ವಲ್ಪ ಜೋರಾಗಿಯೇ.

ಮುತ್ತಮ್ಮ ಟೀ ತಂದು ಕೈಗಿಟ್ಟಳು. “ಕೂತ್ಕೊ ಗುರುಮಲ್ಲಣ್ಣ. ನನ್ನ ಗಂಡ ಸಾಯೋಗಂಟ ಈ ಮಾತು ಯೋಳ್ನಿಲ್ಲ.”

ಮನೆಗೆ ಬಂದವರು ಜಗಲಿಯ ಫಲಕವನ್ನು ಕೆಳಗಿಳಿಸಿ, ಆ ಮೊಳೆಗೆ ಎಲಚಿ ಕಡ್ಡಿಯ ಸಮೇತ ಗೂಡನ್ನು ನೇತುಹಾಕಿದರು. ಪಶ್ಚಾತ್ತಾಪವೋ ಎಂದು ಕೇಳಿದೆ. “ಇರುವೆ ಹತ್ತದ ಮೊಳೆ ಅದೊಂದೇ,” ಎಂದರು.

ನಂದಿತಾ ತನ್ನ ಹಳೆಯ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂಗೆ ಫೋಟೊ ತೋರಿಸಿ ಕೇಳಿದಳು. ಟಸಾರ್ ಹೌದೆಂದೂ, ಮೇವಿನ ಮರಗಳು ಒಣಗುವ ತಿಂಗಳುಗಳನ್ನು ಅದು ಗೂಡಿನೊಳಗೆ ಮಲಗಿಯೇ ಕಳೆಯುತ್ತದೆಂದೂ, ಮಳೆ ಬಿದ್ದು ಗಾಳಿ ತಂಪಾದಾಗ ಏಳುತ್ತದೆಂದೂ ಅವರು ಹೇಳಿದರಂತೆ. ಗೂಡಿನ ಆ ಕಲ್ಲುತನ ಬಿಸಿಲಿಗೆ ಹಾಕಿದ ಬಾಗಿಲು. “ಚಿಗುರಿಲ್ಲದಿದ್ರೆ ಮಕ್ಕಳು ಏನು ತಿಂತವೆ? ಅದಕ್ಕೆ ಬುದ್ಧಿ ಇತ್ತು, ಗಡುವು ಕೊಟ್ಟೋನಿಗೆ ಇರ್ಲಿಲ್ಲ,” ಎಂದರು ಗುರುಮಲ್ಲಪ್ಪ.

ಯುಗಾದಿಯಾಯಿತು. ಎಲಚಿ ಮರ ಎಲೆ ಉದುರಿಸಿ ಮುಳ್ಳಿನ ಪಂಜರವಾಯಿತು. ಅಶ್ವಿನಿ ಮಳೆ ಧೂಳು ಅಡಗಿಸಿ ಹೋಯಿತು. ಭರಣಿ ಮಳೆ ಮಾತ್ರ ಸುರಿಯಿತು. ಕಪಿಲಾ ಹೊಳೆಯ ಕಡೆಯಿಂದ ತಂಪು ಗಾಳಿ ಬಂತು. ಎಲಚಿ ಕೊಂಬೆಗಳಲ್ಲಿ ಸಣ್ಣ ಚಿಗುರು ಕಂಡಿತು. ಹಾಗೆ ಮಳೆ ಹಿಡಿದ ಒಂದು ದಿನ ದೀಪ ಹಚ್ಚುವ ಹೊತ್ತಿಗೆ ನನಗೆ ಫೋನ್ ಬಂತು. ಮಾತಾಡಿದ್ದು ಮಂಗಳಗೌರಮ್ಮ. “ಬನ್ನಿ ಮೇಷ್ಟ್ರೇ. ಗೂಡಿನ ತಲೆ ಒದ್ದೆ ಆಗದೆ. ಅವರು ಮಾತಾಡೋ ಸ್ಥಿತೀಲಿಲ್ಲ.”

ನಾನು ಹೋಗುವಷ್ಟರಲ್ಲಿ ಅದು ಹೊರಬಂದು ಕಡ್ಡಿಗೆ ಜೋತುಬಿದ್ದಿತ್ತು. ತನ್ನ ಬಾಯಿನೀರಿನಿಂದಲೇ ಗೂಡಿನ ತುದಿಯನ್ನು ನೆನೆಸಿ, ಎಳೆಗಳನ್ನು ಸರಿಸಿ ಬಂದಿತ್ತಂತೆ. ಒದ್ದೆ ಬಟ್ಟೆಯಂತಿದ್ದ ರೆಕ್ಕೆಗಳು ನಮ್ಮ ಕಣ್ಣೆದುರೇ ಇಳಿದು, ಹರಡಿ, ಬಿಗಿಯಾದವು. ಬಿಚ್ಚಿದ ಅಂಗೈಗಿಂತ ಅಗಲ. ಅರಿಸಿನಕ್ಕೆ ಸ್ವಲ್ಪ ಬೂದಿ ಬೆರೆಸಿದಂಥ ಬಣ್ಣ, ಅಂಚಿನಲ್ಲಿ ನಸುಗೆಂಪು ಗೆರೆ, ಪ್ರತಿ ರೆಕ್ಕೆಯ ನಡುವೆ ಕನ್ನಡಿಯಂಥ ಒಂದು ದುಂಡು ಕಿಟಕಿ. ಆ ಕಿಟಕಿಯಲ್ಲಿ ಆಚೆ ಕಡೆಯ ಬಲ್ಬು ಕಾಣುತ್ತಿತ್ತು.

ಮಂಗಳಗೌರಮ್ಮ ಬಾಳೆಹಣ್ಣಿನ ಚೂರು ತಂದರು. ಗುರುಮಲ್ಲಪ್ಪನವರು ಹಿಪ್ಪುನೇರಳೆ ಎಲೆಯನ್ನೇ ತಂದರು, ಅಭ್ಯಾಸಬಲ. ಅದು ಎರಡನ್ನೂ ಮುಟ್ಟಲಿಲ್ಲ. ನಾನು ಕಳಿಸಿದ ಫೋಟೊವನ್ನು ಮೇಡಂಗೆ ತೋರಿಸಿ ಕೇಳಿ, ಫೋನಿನಲ್ಲಿ ನಂದಿತಾ ಹೇಳಿದಳು: “ಅಪ್ಪಾಜಿ, ಅದಕ್ಕೆ ತಿನ್ನೋ ಬಾಯೇ ಇಲ್ಲ. ಹುಳವಾಗಿದ್ದಾಗ ತಿಂದಿದ್ದೇ ಕೊನೆತನಕ. ಹೆಣ್ಣು ಅದು. ಗಾಳಿಗೆ ವಾಸನೆ ಬಿಡುತ್ತೆ, ಗಂಡು ಹುಡುಕ್ಕೊಂಡು ಬರುತ್ತೆ. ಮರಕ್ಕೆ ಬಿಡಿ.”

ಹಾರಿ ಹೋದೀತೆಂದು ಗುರುಮಲ್ಲಪ್ಪನವರು ಸೊಂಟಕ್ಕೆ ದಾರ ಕಟ್ಟೋಣವೇ ಎಂದರು. “ಬೇಡ,” ಎಂದರು ಹೆಂಡತಿ. “ನಾವಿಬ್ರೂ ಕಟ್ಟಿ ಹಾಕಿದ್ದು ಸಾಕು.” ಕಡ್ಡಿಯ ಸಮೇತ ಕೊಂಡುಹೋಗಿ ಎಲಚಿ ಕೊಂಬೆಗೆ ಸಿಕ್ಕಿಸಿ ಬಂದೆವು. ಆ ರಾತ್ರಿ ನಾನು ಅಲ್ಲಿಯೇ ಉಳಿದೆ.

ಬೆಳಕು ಹರಿಯುವ ಮುಂಚೆ ತೋಟದ ಕಡೆಯಿಂದ ಕೂಗು ಕೇಳಿತು. ಪುಟ್ಟಸ್ವಾಮಿ. ನಮಗಿಂತ ಮೊದಲೇ ಬಂದು ಮರದ ಕೆಳಗೆ ನಿಂತಿದ್ದ.

“ಗುರುಮಲ್ಲಣ್ಣ, ಬಾ ಬಿರ್ರನೆ. ಬೀಗರು ಬಂದವ್ರೆ.”

ಹೋಗಿ ನೋಡಿದರೆ ಹೆಣ್ಣಿನ ಜೊತೆ ಇನ್ನೊಂದು. ಅದಕ್ಕಿಂತ ಚಿಕ್ಕದು, ಇಟ್ಟಿಗೆ ಬಣ್ಣ, ತಲೆಯ ಮೇಲೆ ಎರಡು ಅಗಲ ಬಾಚಣಿಗೆಗಳಂಥ ಮೀಸೆ. ವಾಸನೆ ಹಿಡಿಯುವುದು ಅದರಿಂದಲೇ. ಎರಡೂ ತುದಿಗೆ ತುದಿ ಸೇರಿಸಿ ಅಲುಗಾಡದೆ ಕೂತಿದ್ದವು. ಪಂಜರದಂಥ ಆ ಮುದಿ ಮರದಲ್ಲಿ ಎಂಟು ಕಿಟಕಿಗಳು ಬೆಳಗಿನ ಬೆಳಕಿಗೆ ತೆರೆದಿದ್ದವು. ಗುರುಮಲ್ಲಪ್ಪನವರು ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು, ದೇವಸ್ಥಾನದಲ್ಲಿ ನಿಲ್ಲುವ ಹಾಗೆ. ಹಿಂದೆ ಬಂದ ಮಂಗಳಗೌರಮ್ಮ, “ಅಂತೂ ಧಾರೆ ನೋಡಿದ್ರಿ,” ಎಂದು ಮೆಲ್ಲಗೆ ಹೇಳಿದರು.

“ಎಲ್ಲಿಂದ ಬಂದ ಇವ್ನು? ಈ ಮರದ ಗೂಡು ಒಂದೂ ಒಡ್ದಿಲ್ವಲ್ಲ,” ಎಂದ ಪುಟ್ಟಸ್ವಾಮಿ. “ವೊಳೆ ದಡದ ಮತ್ತಿ ಮರದಿಂದ್ಲಾ?”

“ಗೊತ್ತಿಲ್ಲ,” ಎಂದರು ಗುರುಮಲ್ಲಪ್ಪ. ಈ ಸಲ ಆ ಮಾತಿಗೆ ಹೊತ್ತು ಹಿಡಿಯಲಿಲ್ಲ.

ಹೆಣ್ಣು ಚಿಟ್ಟೆ ಎಲೆಗಳ ತಳದಲ್ಲಿ ಚಪ್ಪಟೆ ಮೊಟ್ಟೆಗಳನ್ನಿಟ್ಟು, ಕೆಲವೇ ದಿನಗಳಲ್ಲಿ ಸವೆದ ರೆಕ್ಕೆಯೊಂದಿಗೆ ಮರದ ಬುಡದಲ್ಲಿ ಬಿದ್ದಿತ್ತು. ಹುಳಗಳು ಬಂದವು, ಎಳೆಯ ಎಲೆಯ ಹಸಿರು, ಬೆನ್ನ ಮೇಲೆ ಕೂದಲಿನ ಗುಳ್ಳೆಗಳು, ಪಕ್ಕೆಯಲ್ಲಿ ಬೆಳ್ಳಿ ಚುಕ್ಕಿ. ಇವಕ್ಕೂ ಅವೇ ಜ್ವರಗಳು. ಕಾಗೆಗಳು ಕೆಲವನ್ನು ಕೊಂಡುಹೋದವು, ಕಣಜಗಳು ಕೆಲವನ್ನು. ಒಂದು ಹುಳ ಸತ್ತರೆ ತನಗೇ ಅವಮಾನವಾಯಿತೆಂದು ತಿಳಿಯುತ್ತಿದ್ದ ಮನುಷ್ಯ, ಕಾಗೆಗೆ ಬ್ಲೀಚಿಂಗ್ ನೀರಿನಲ್ಲಿ ಕಾಲು ತೊಳೆಯೆಂದು ಹೇಳಲಾಗದೆ, ಬದುವಿನ ಮೇಲೆ ಕೂತು ನೋಡಿದರು. ಉಳಿದ ಕೆಲವು ಗೂಡು ಕಟ್ಟಿದವು, ತೊಟ್ಟಿನ ಉಂಗುರ ಸುತ್ತಿ. ಅವನ್ನು ಅವರು ಕೀಳಲಿಲ್ಲ.

ರೋಹಿಣಿ ಮಳೆ ಮುಗಿದ ಮೇಲೆ ಜೆಸಿಬಿ ಬಂತು. ಪುಟ್ಟಸ್ವಾಮಿ ಅದರ ಮುಂದೆ ನಡೆದು, ತನ್ನದೇ ಒಂದಷ್ಟು ಬಾಳೆ ಬುಡಗಳನ್ನು ತೆಗೆಸಿ, ಮರವನ್ನು ಬಳಸಿ ದಾರಿ ಮಾಡಿಸಿದ. ಈಗ ಟೀ ಅಂಗಡಿಯಲ್ಲಿ ಚಿಟ್ಟೆಯ ವಿಷಯ ವಿವರಿಸುವವನು ಅವನೇ. “ಅದ್ಕೆ ಬಾಯಿಲ್ಲ ಕಣ್ಲಾ,” ಎಂದು ಶುರುಮಾಡಿದರೆ ಅವನ ಬಾಯಿ ನಿಲ್ಲುವುದಿಲ್ಲ. ಗುರುಮಲ್ಲಪ್ಪನವರು ಪಕ್ಕದಲ್ಲಿ ಕೂತು ಟೀ ಕುಡಿಯುತ್ತಾರೆ. ಫಲಕ ಮತ್ತೆ ಮೊಳೆಗೆ ಏರಿದೆ. ಮನುಷ್ಯರು ಅಷ್ಟೆಲ್ಲ ಬದಲಾಗುವುದಿಲ್ಲ. ಆದರೆ ಅದರ ಕೊಕ್ಕೆಗೆ ಒಡೆದ ಗೂಡೊಂದು ಜೋತುಬಿದ್ದಿದೆ.

ಕಳೆದ ತಿಂಗಳು ಬಾಳೆಗೊನೆ ಸಾಗಿಸಲು ಬಂದ ಟ್ರ್ಯಾಕ್ಟರ್ ಡ್ರೈವರ್, ಮರದ ಹತ್ತಿರದ ತಿರುವಿನಲ್ಲಿ ಎರಡು ಸಲ ಹಿಂದೆ ಮುಂದೆ ಮಾಡಿ ಬೆವತು ಬೈದ. “ಈ ಮರ ಯಾವಾಗಣ್ಣ ಕಡ್ಸೋದು?”

“ಗೂಡೊಳಗಿರೋವೆಲ್ಲ ಆಚೆ ಬರ್ಲಿ, ಆಮ್ಯಾಕೆ ನೋಡಮ,” ಎಂದ ಪುಟ್ಟಸ್ವಾಮಿ.

“ಯಾವಾಗ ಬತ್ತವೆ?”

ಪುಟ್ಟಸ್ವಾಮಿ ಹಿಪ್ಪುನೇರಳೆ ತೋಟದ ಕಡೆ ಕೈ ತೋರಿಸಿದ. ಅಲ್ಲಿ ಸೊಪ್ಪು ಕೊಯ್ಯುತ್ತಿದ್ದ ಗುರುಮಲ್ಲಪ್ಪನವರು ತಲೆಯೆತ್ತಿ, ತಾಲ್ಲೂಕಿನ ಉತ್ತಮ ಬೆಳೆಗಾರನಿಗೆ ತಕ್ಕ ಗತ್ತಿನಲ್ಲಿ, “ಗೊತ್ತಿಲ್ಲ ಕಣಪ್ಪ,” ಎಂದು ಹೇಳಿ ಮತ್ತೆ ಸೊಪ್ಪಿಗೆ ಬಗ್ಗಿದರು.